ಅನ್ನದ ಹೊಟ್ಟೆ, ರೊಟ್ಟಿಯ ಹೊಟ್ಟೆ

ಕುಷ್ಟಗಿಯ ನಮ್ಮ ನಾರುಬೇರಿನ ಗಂಧಿಗೆ ಅಂಗಡಿಗೆ ಹೊಟ್ಟೆಯ ಪುಡಿ ಕೇಳಿಕೊಂಡು ಯಾರೇ ಬರಲಿ, ನಾವು ಮೊದಲು ಕೇಳುತ್ತಿದ್ದುದು "ಏನಾಗೈತಿ" ಅಂತಲ್ಲ, "ಏನು ಉಣ್ತೀರಿ" ಅಂತ. ಜೋಳದ ರೊಟ್ಟಿ ಉಣ್ಣುವವರಿಗೆ ಮೂರು ಬೆರಳಿನ ಚಿಟಿಕೆ, ಅನ್ನ ಉಣ್ಣುವವರಿಗೆ ಎರಡು ಬೆರಳಿನದು. ರೊಟ್ಟಿಯ ಹೊಟ್ಟೆ ಗಟ್ಟಿ, ಅದನ್ನು ಅಲುಗಿಸಲು ಪುಡಿ ತುಸು ಹೆಚ್ಚೇ ಬೇಕು. ಅನ್ನದ ಹೊಟ್ಟೆ ಮೆತ್ತಗಿನದು, ಪುಡಿ ಹೆಚ್ಚಾಯಿತೆಂದರೆ ಚೊಂಬು ಕೆಳಗಿಡಲು ಬಿಡುವುದಿಲ್ಲ. ಅಂಗಡಿಯ ಸಾಹುಕಾರರು ಹೇಳಿಕೊಟ್ಟ ಲೆಕ್ಕ ಇದು. ಗಂಗಾವತಿ ಕಡೆಯವರು ಬಂದರೆ ಕೇಳುವ ಗೋಜೇ ಇಲ್ಲದೆ ಸಣ್ಣ ಚಿಟಿಕೆ ತೋರಿಸುತ್ತಿದ್ದೆವು. ಆ ಕಡೆ ಹಳೆಯ ಕಾಲುವೆಗಳ ಕೆಳಗೆ ನೆಲ್ಲು ಬೆಳೆಯುತ್ತದೆ, ಅಲ್ಲಿಯವರದು ಅನ್ನದ ಹೊಟ್ಟೆ.

ಪುಡಿ ಎಂದರೆ ಅಳಲೆಕಾಯಿ, ತಾರೆಕಾಯಿ, ನೆಲ್ಲಿಚಟ್ಟು, ಈ ಮೂರರದು. ಕುಟ್ಟುವವನು ನಾನು. ಶಾಲೆ ಬಿಟ್ಟಾಗ ನನಗೆ ಅಲ್ಲಿ ಕಲಿಸುತ್ತಿದ್ದ ಉರ್ದುವಿನ ಅಲಿಫ್ ಬೇ ಅರ್ಧ ಬರುತ್ತಿತ್ತು, ಕನ್ನಡದ ಅಕ್ಷರ ಅದಕ್ಕಿಂತ ಸ್ವಲ್ಪ ಹೆಚ್ಚು. ಅಪ್ಪ ಅವ್ವ ಒಬ್ಬರ ಹಿಂದೆ ಒಬ್ಬರು ಹೋಗಿದ್ದರು. ಮನೆಯಲ್ಲಿ ಉಳಿದವರು ನಾನು ಮತ್ತು ಇನ್ನೂ ತೊದಲು ಮಾತಾಡುತ್ತಿದ್ದ ತಂಗಿ. ಓದುತ್ತ ಕೂತರೆ ಒಲೆ ಹೊತ್ತುತ್ತದೆಯೇ? ಕುಟ್ಟಾಣಿ ಹಿಡಿದೆ. ಅಳಲೆಕಾಯಿ ಕಲ್ಲಿನಂಥದು. ಅದನ್ನು ಒಡೆದು, ಬೀಜ ತೆಗೆದು, ಸಿಪ್ಪೆ ಒಣಗಿಸಿ, ಕುಟ್ಟಿ, ತೆಳುವಾದ ಅರಿವೆಯಲ್ಲಿ ಸೋಸಬೇಕು. ತರಿ ಉಳಿದರೆ ಹೊಟ್ಟೆ ನುಲಿಯುತ್ತದೆ. ನನ್ನ ಪುಡಿ ಬೆರಳ ನಡುವೆ ವಿಭೂತಿಯ ಹಾಗೆ ಜಾರುತ್ತಿತ್ತು. ಕೊಪ್ಪಳದಿಂದ, ಯಲಬುರ್ಗಿಯಿಂದ ಜನ ಬಂದು ಒಯ್ಯುತ್ತಿದ್ದರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ರಾತ್ರಿ ಮಲಗುವ ಮುಂದೆ ಬಿಸಿನೀರಿನಲ್ಲಿ ತೆಗೆದುಕೊಂಡರೆ ಬೆಳಿಗ್ಗೆ ಹೊಟ್ಟೆ ಹಗುರ. ಬಾಯಲ್ಲಿ ಹುಣ್ಣಾದರೆ ಅದರ ಕಷಾಯ ಮುಕ್ಕಳಿಸಬೇಕು. ಬಸುರಿಯರಿಗೆ ಕೊಡಕೂಡದು. ಭೇದಿಯಾಗುತ್ತಿರುವವರಿಗೆ, ಉಪವಾಸದಿಂದ ಸೊರಗಿದವರಿಗೆ ಕೊಡಕೂಡದು. ಹೊಟ್ಟೆ ಸರಿಹೋದ ಮೇಲೂ ರುಚಿ ಹತ್ತಿದವರಂತೆ ತಿನ್ನುತ್ತ ಹೋದರೆ ಕರುಳು ತನ್ನ ಕೆಲಸ ತಾನು ಮರೆಯುತ್ತದೆ, ಆಗ ನಿಲ್ಲಿಸಬೇಕು. ಇಷ್ಟನ್ನೂ ಪೊಟ್ಟಣ ಕಟ್ಟುತ್ತ ಹೇಳುವುದು ನನ್ನ ಕೆಲಸವೇ ಆಗಿತ್ತು. ಇಡೀ ದಿನದಲ್ಲಿ ನಾನು ಆಡುತ್ತಿದ್ದ ಮಾತು ಅಷ್ಟೇ.

ತಂಗಿಯನ್ನು ಗಂಗಾವತಿ ಆಚೆಯ ಕಾಲುವೆಯ ಊರಿಗೆ ಕೊಟ್ಟೆ. ಒಳ್ಳೆಯ ಮನೆ, ಸ್ವಂತ ಗದ್ದೆ. ಆಕೆಯ ಮದುವೆ ಆಗಲಿ, ಆಮೇಲೆ ನನ್ನದು ಅಂದುಕೊಂಡಿದ್ದೆ. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಹೆಣ್ಣು ಕೊಡಿ ಎಂದು ನಾನಾಗಿ ಯಾರ ಬಾಗಿಲಿಗೂ ಹೋಗುವವನಲ್ಲ. ಸಂಜೆ ಮನೆಗೆ ಬಂದು, ನಾನೇ ತಟ್ಟಿದ ರೊಟ್ಟಿ ನಾನೇ ಉಣ್ಣುತ್ತಿದ್ದೆ. ಪುಡಿ ಗಂಟಲಲ್ಲಿ ಕೂತಿರುತ್ತಿತ್ತು, ಏನು ಉಂಡರೂ ಮೊದಲ ತುತ್ತು ಒಗರು. ಇವತ್ತು ಒಗರು ಜಾಸ್ತಿ ಆಗಿದೆ ಎಂದು ಹೇಳಲಿಕ್ಕೂ ಎದುರಿಗೆ ಯಾರೂ ಇರುತ್ತಿರಲಿಲ್ಲ.

ದೊಡ್ಡ ಯುದ್ಧ ನಡೆದಿದ್ದ ವರ್ಷಗಳಲ್ಲಿ ತಂಗಿಯ ಗಂಡ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಆಕೆ ಮತ್ತು ಆಕೆಯ ಅತ್ತೆ, ಇಬ್ಬರೇ. ಮಣ್ಣಿಗೆ ಹೋಗಿ ಬಂದವನು, ಆಕೆಯ ದುಃಖ ಸ್ವಲ್ಪ ಇಳಿಯಲಿ ಎಂದು ಮುಂದಿನ ಸುಗ್ಗಿಯವರೆಗೆ ಸುಮ್ಮನಿದ್ದೆ. ಅಷ್ಟರಲ್ಲಿ ಆ ಕಡೆಗೆ ಸಾಮಾನು ಹೇರುವ ಬಂಡಿಯವನೊಬ್ಬ ಅಂಗಡಿಯ ಮುಂದೆ ನಿಂತು, "ನಿಮ್ಮ ತಂಗಿಗೆ ಹೊಟ್ಟಿ ಕಟ್ಟೇತಂತ್ರಿ. ಅಣ್ಣನ ಪುಡಿ ಇದ್ರ ತರ್ರಿ ಅಂದ್ಲು" ಅಂದ.

ಪುಡಿ ಕಳಿಸಿದರೆ ಸಾಕಿತ್ತು. ಆದರೆ ನಾನೇ ಹೊರಟೆ. ಸಾಹುಕಾರರು ಪುಡಿಯ ಪೊಟ್ಟಣ ಕೊಡುತ್ತ, "ಕರ್ಕೊಂಡು ಬರಾಕ ಹೊಂಟೀಯೇನಪಾ?" ಎಂದು ಕೇಳಿದರು.

"ಹೌದ್ರಿ. ಇನ್ನೇನೈತಿ ಆಕೀಗೆ ಅಲ್ಲಿ?"

"ಕೇಳಿ ನೋಡು ಮತ್ತ."

"ಕೇಳೂದೇನ್ರಿ, ನನ್ನ ತಂಗಿ" ಎಂದೆ. ಮನೆಯ ಒಳಕೋಣೆಗೆ ಸುಣ್ಣ ಬಳಿದು, ಹೊಸ ಚಾಪೆ ಹಾಸಿ, ಒಂದು ಗಂಟು ಜೋಳದ ಹಿಟ್ಟು ಕಟ್ಟಿಕೊಂಡು ಅದೇ ಬಂಡಿ ಹತ್ತಿದೆ. ತಾವರಗೇರಿ, ಕನಕಗಿರಿ ದಾಟುವವರೆಗೂ ಬಂಡಿಯವನಿಗೆ ಅದನ್ನೇ ಹೇಳಿದ್ದು. ತಂಗಿಯನ್ನು ಕರೆತರುತ್ತೇನೆ, ವಾಪಸು ಬರುವಾಗ ಬಂಡಿಯಲ್ಲಿ ಜಾಗ ಇಟ್ಟಿರು ಎಂದು.

ಊರಿಗೆ ಮುಟ್ಟಿದಾಗ ತಂಗಿ ಹಿತ್ತಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಮೈಯಲ್ಲಿ ಇಳಿದು ಹೋಗಿದ್ದಳು. ನನ್ನನ್ನು ನೋಡಿ, "ಯಣ್ಣಾ, ಪುಡಿ ಬೇಡಿದ್ರ ಕುಟ್ಟಾವನ ಬಂದಾನಲ್ಲ" ಎಂದು ನಕ್ಕಳು. ಆ ನಗು ಕಂಡು ನನಗೆ ಧೈರ್ಯ ಬಂತು.

ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಹಲ್ಲು ಉದುರಿದ್ದವು, ನಾಲಗೆ ಉದುರಿರಲಿಲ್ಲ. "ಬರ್ರಿ ಬೀಗರೇ. ಮುಖ ನೋಡಿದ್ರ ನಿಮಗೂ ಹೊಟ್ಟಿ ಕಟ್ಟಿದಂಗೈತಿ" ಅಂದಳು.

ಆ ರಾತ್ರಿ ಊಟವಾದ ಮೇಲೆ ಬಿಸಿನೀರು ತರಿಸಿದೆ. ಅಂಗಡಿಯಲ್ಲಿ ಕೇಳುವುದನ್ನೆಲ್ಲ ಕೇಳಿದೆ. ಭೇದಿ ಇಲ್ಲ, ಜ್ವರ ಇಲ್ಲ, ಎರಡು ಹೊತ್ತು ಉಣ್ಣುತ್ತಾಳೆ, ಆದರೆ ಸ್ವಲ್ಪ ಸ್ವಲ್ಪ. ಏನು ಉಣ್ತೀ ಎಂಬ ಒಂದನ್ನು ಮಾತ್ರ ಕೇಳಲಿಲ್ಲ. ನನ್ನ ತಂಗಿಯನ್ನು ನಾನು ಅದನ್ನು ಕೇಳಬೇಕೇ? ಆಕೆಗೆ ಮೊದಲ ರೊಟ್ಟಿ ಹಾಲಲ್ಲಿ ನೆನೆಸಿ ಹಿಸುಕಿ ಉಣಿಸಿದವನು ನಾನು. ಮೂರು ಬೆರಳು ಸೇರಿಸಿ ಪುಡಿ ತೆಗೆದು ಆಕೆಯ ಅಂಗೈಗೆ ಹಾಕಿದೆ.

ಆಕೆ ಅಂಗೈ ನೋಡಿಕೊಂಡಳು. "ಇದು ಹೆಚ್ಚಾತಣ್ಣಾ."

"ಏನು ಹೆಚ್ಚು? ಮೂರು ಬೆರಳಿಂದು. ಸಣ್ಣಾಕಿದ್ದಾಗಿಂದ ನೋಡಿಲ್ಲೇನು?"

"ನಿಮ್ಮಣ್ಣನವು ಬೆರಳಲ್ಲವ್ವಾ, ಸಲಿಕಿ" ಎಂದಳು ಅತ್ತೆ ಕತ್ತಲಿನಿಂದ. "ಅಷ್ಟು ತಗೊಂಡ್ರ ನಾಳೆ ಗದ್ದಿಗೆ ನಾನ ಹೋಗಬೇಕಾಗತೈತಿ."

"ಸುಮ್ಮನಿರ್ರಿ ಯವ್ವಾ" ಅಂದೆ. ಸಿಟ್ಟು ಬಂದಿತ್ತು. ನಾನು ಕುಟ್ಟಿದ ಪುಡಿಗೆ ಬೇರೆಯವರು ಅಳತೆ ಹೇಳುವುದೇ? "ನಾಕು ಊರಿನ ಮಂದಿ ನನ್ನ ಮಾತು ಕೇಳಿ ತಗೊಂತಾರ."

ತಂಗಿ ನಗಲಿಲ್ಲ. "ಅಂಗಡಿಗೆ ಬಂದ ಗಂಗಾವತಿ ಹೆಣ್ಮಗಳಿಗೆ ಎಷ್ಟು ಕೊಡ್ತಿದ್ದಿ?" ಎಂದು ಕೇಳಿದಳು.

"ಆಕಿ ಅನ್ನ ಉಣ್ಣಾಕಿ."

"ನಾನೇನು ಉಣ್ತೀನಿ ಇಲ್ಲಿ?"

ಆಕೆ ಅಂಗೈಯ ಪುಡಿಯಲ್ಲಿ ಎರಡು ಬೆರಳಿನಷ್ಟು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಒಂದು ಕಣವೂ ಚೆಲ್ಲದಂತೆ ಪೊಟ್ಟಣಕ್ಕೆ ಸುರಿದು, ನೀರು ಕುಡಿದಳು. ನಾನು ಪಡಸಾಲೆಯಲ್ಲಿ ಮಲಗಿದೆ. ಕಾಲುವೆಯ ನೀರಿನ ಸಪ್ಪಳ ನಿಲ್ಲುವುದೇ ಇಲ್ಲ ಆ ಊರಿನಲ್ಲಿ. ನಮ್ಮ ಕಡೆ ಅಷ್ಟು ನೀರಿನ ಸಪ್ಪಳ ಕೇಳಿದರೆ ಜನ ಎದ್ದು ಓಡಿ ಬರುತ್ತಾರೆ. ಇಲ್ಲಿ ಎಲ್ಲರೂ ಹಾಯಾಗಿ ನಿದ್ದೆ ಮಾಡುತ್ತಿದ್ದರು.

ಬೆಳಿಗ್ಗೆ ಆಕೆಯ ಮುಖ ತಿಳಿಯಾಗಿತ್ತು. ಎರಡು ಬೆರಳಿನದೇ ಸಾಕಾಗಿತ್ತು. ಇನ್ನೂ ಕೆಲವು ರಾತ್ರಿ ಅಷ್ಟೇ ತೆಗೆದುಕೊಂಡಳು, ಹಸಿವು ಬಂತು, ಕಣ್ಣಿಗೆ ಕಳೆ ಬಂತು. ನಾನು ಉಳಿದುಕೊಂಡೆ. ಕೇಳಬೇಕಾದ ಮಾತು ಬಾಯಿಗೆ ಬರುತ್ತಿತ್ತು, ಆಕೆಯ ಕೈಯಲ್ಲಿ ಯಾವಾಗಲೂ ಏನಾದರೊಂದು ಕೆಲಸ ಇರುತ್ತಿತ್ತು. ಗದ್ದೆಗೆ ನೀರು ತಿರುಗಿಸುವ ಸರದಿಗೆ ಆಕೆ ಹೋಗಿ ನಿಂತರೆ ಗಂಡಸರು ದಾರಿ ಬಿಡುತ್ತಿದ್ದರು. ತೆಲುಗಿನ ಕೂಲಿಯ ಹೆಂಗಸರ ಜೊತೆ ಅವರ ಮಾತಿನಲ್ಲೇ ಜಗಳಾಡುತ್ತಿದ್ದಳು. ನನಗೆ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಅತ್ತೆ ಸೊಸೆ ಎದುರುಬದುರು ಕೂತು ಉಣ್ಣುತ್ತಿದ್ದರು. ಮುದುಕಿಗೆ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಕೊಡುವವಳು ತಂಗಿ. ತಂಗಿ ಸರಿಯಾಗಿ ಉಣ್ಣದಿದ್ದರೆ, "ನೀ ಉಣ್ಣದಿದ್ರ ನಾನೂ ಒಲ್ಲೆ ನೋಡು" ಎಂದು ತಟ್ಟೆ ಸರಿಸುವವಳು ಮುದುಕಿ. ಇಬ್ಬರೂ ಆ ಸತ್ತವನ ಹೆಸರು ಎತ್ತುತ್ತಿರಲಿಲ್ಲ. ನನಗೆ ಆ ಊಟದ ಹೊತ್ತಿನಲ್ಲಿ ಎಲ್ಲಿ ಕೂಡಬೇಕೆಂದೇ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಹಿಟ್ಟಿನ ಗಂಟು ಬಿಚ್ಚಿದೆ. ತಂಗಿ ಒಲೆಯ ಪಕ್ಕ ಕೂತು, ನಾನು ರೊಟ್ಟಿ ತಟ್ಟುವುದನ್ನು ನೋಡಿದಳು. ಅತ್ತೆ, "ಗಂಡಸು ರೊಟ್ಟಿ ಬಡಿಯೂದು ಈ ಊರಾಗ ಯಾರೂ ನೋಡಿಲ್ಲ, ಕರೀಲೇನು ಓಣಿಯವರನ್ನ?" ಅಂದಳು. ತಂಗಿ ಬಿಸಿ ರೊಟ್ಟಿಗೆ ಖಾರ ಹಚ್ಚಿಕೊಂಡು, ಕಣ್ಣು ಮುಚ್ಚಿ ಮೊದಲ ತುತ್ತು ಅಗಿದಳು. ಕಣ್ಣಲ್ಲಿ ನೀರು ಬಂತು, ಖಾರದ್ದೋ ಏನೋ. ಅರ್ಧಕ್ಕೆ ಕೈ ನಿಂತಿತು.

"ಯಾಕ?"

"ಬಾಯಿಗೆ ಬೇಕಾಗೇತಣ್ಣಾ, ಹೊಟ್ಟೀಗೆ ಆಗವಲ್ದು."

ಅತ್ತೆ ಒಳಗೆ ಹೋದ ಮೇಲೆ ನಾನು ಕೇಳಿಯೇಬಿಟ್ಟೆ. "ನಮ್ಮೂರಿಗೆ ಬಂದು ಒಂದು ತಿಂಗಳು ಉಂಡ್ರ ಹೊಟ್ಟಿ ಮತ್ತ ಹಿಡೀತೈತಿ. ಕೋಣಿಗೆ ಸುಣ್ಣ ಹಚ್ಚೀನಿ. ಬಾ."

ಆಕೆ ಒಲೆಯ ಕೆಂಡವನ್ನು ಹಿಂದಕ್ಕೆ ಎಳೆದಳು. ಆಕೆ ಆ ಮಾತಿಗಾಗಿಯೇ ಕಾಯುತ್ತಿದ್ದಳು ಎಂಬುದು ನನಗೆ ಆಗ ಗೊತ್ತಾಯಿತು.

"ಬಂದ್ರ ಈ ಮುದುಕಿ?"

"ಆಕಿ ನಿನಗೇನಾಗಬೇಕು ಈಗ? ಮಗನ ಹೋದ."

"ಅದಕ್ಕಣ್ಣಾ. ಮಗನೂ ಹೋದ, ನಾನೂ ಹೋದ್ರ?" ಉಳಿದ ರೊಟ್ಟಿಯನ್ನು ಮುಚ್ಚಿಡುತ್ತ, "ನೀ ಬಂದು ಇಲ್ಲೇ ಇರು. ಗದ್ದಿ ಐತಿ. ಗಂಗಾವತಿ ಪ್ಯಾಟ್ಯಾಗ ನಿನ್ನ ಪುಡಿ ಮಾರು. ಒಬ್ಬನ ಅಲ್ಲಿ ಯಾರಿಗಂತ ರೊಟ್ಟಿ ಬಡೀತಿ?" ಅಂದಳು.

"ತಂಗೀ ಮನ್ಯಾಗ ಕೂಳಿಗೆ ಬಿದ್ದಾನ ಅನಿಸಿಕೊಳ್ಳಲೇನು?"

"ಯಾರಂತಾರ?"

"ಯಾರೂ ಅನ್ನದಿದ್ರೂ ನಾನ ಅಂತೀನಿ."

ಆಕೆ ಮತ್ತೆ ಒತ್ತಾಯಿಸಲಿಲ್ಲ. ನನ್ನ ಸ್ವಭಾವ ಆಕೆಗೆ ಗೊತ್ತು. ಅಣ್ಣನಾದವನು ಪಂಚಮಿಗೆ ಬರಬೇಕು, ಒಂದು ಕುಬಸದ ಬಟ್ಟೆ ಕೊಡಬೇಕು, ಉಂಡು ಹೋಗಬೇಕು. ನನಗೆ ಗೊತ್ತಿದ್ದುದು ಅಷ್ಟು. ಈಗಲೂ ಅದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಹಾಗೆಂದು ಆ ರಾತ್ರಿ ನಿದ್ದೆ ಬಂತು ಎಂದೂ ಹೇಳಲಾರೆ.

ಬಂಡಿಯವನು ತಿರುಗಿ ಬಂದ ದಿನ ತಂಗಿ ಕಾಲುವೆಯ ದಂಡೆಯವರೆಗೆ ಬಂದಳು. ಹೊಟ್ಟೆ ಸರಿಹೋಗಿದೆ, ಇನ್ನು ಪುಡಿ ನಿಲ್ಲಿಸು, ಮತ್ತೆ ಕಟ್ಟಿದರೆ ಮಾತ್ರ ತಗೋ ಎಂದು ಹೇಳಿದೆ. ಆಕೆ ಹೂಂ ಎಂದಳು. ಅತ್ತೆಯೂ ಕೋಲೂರುತ್ತ ಹಿಂದೆ ಬಂದಿದ್ದಳು. ಅಕ್ಕಿಯ ಸಣ್ಣ ಚೀಲವೊಂದನ್ನು ಬಂಡಿಯಲ್ಲಿ ಇರಿಸಿ, "ಬೀಗರೇ, ನಿಮ್ಮ ತಂಗೀನ ನಾ ಹಿಡಿದಿಟ್ಟುಕೊಂಡಿಲ್ಲ" ಅಂದಳು. ಬಂದಾಗಿನಿಂದ ಆಕೆ ತಮಾಷೆಯಿಲ್ಲದೆ ಆಡಿದ ಮಾತು ಅದೊಂದೇ. ನಾನು ಬಗ್ಗಿ ಆಕೆಯ ಕಾಲು ಮುಟ್ಟಿದೆ. ಆಮೇಲೆ ಬಂಡಿ ಹತ್ತಿದೆ.

ಬಂಡಿಯವನು ಚಾಪೆ ಹಾಸಿ ಹಿಂದೆ ಜಾಗ ಬಿಟ್ಟಿದ್ದ. ಗದ್ದೆಗಳ ಹಸಿರು ಮುಗಿದು ಕೆಂಪು ನೆಲ ಶುರುವಾಯಿತು. ಅವನು ತಡೆಯಲಾರದೆ, "ತಂಗೀನ ಕರ್ಕೊಂಡು ಬರ್ತೀನಿ ಅಂದಿದ್ರೆಲ್ರಿ?" ಎಂದು ಕೇಳಿದ.

"ಆಕಿ ತನ್ನ ಮನಿ ಬಿಟ್ಟು ಎಲ್ಲಿ ಬರ್ತಾಳೋ?" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

ಅವನು ಎತ್ತುಗಳನ್ನು ಚಪ್ಪರಿಸಿದ. ಹಿಂದೆ ಹಾಸಿದ್ದ ಚಾಪೆಯ ಮೇಲೆ ನಾನು ಕೂಡಲಿಲ್ಲ, ಅವನ ಪಕ್ಕದಲ್ಲಿ ಬಂಡಿಯ ಮುಂದಿನ ಮರದ ಮೂಕಿಯ ಮೇಲೆಯೇ ಕಾಲು ಇಳಿಬಿಟ್ಟು ಕೂತು ಊರು ಮುಟ್ಟಿದೆ.