ಅಕ್ಕ ಬಿಡಿಸಿ ಬರೆದ ಲೆಕ್ಕ

ಅವರ ತುರುಬಿನಲ್ಲಿ ಹೂವಿರುತ್ತಿದ್ದುದು ಅಪರೂಪ, ಪೆನ್ಸಿಲ್ ಮಾತ್ರ ಸದಾ ಇರುತ್ತಿತ್ತು. ವಡ್ಡು ಗ್ರಾಮದ ಸಮೀಪದ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಅಕ್ಕ ಅವರು. ಬೇಳೆ ಬೇಯುವಷ್ಟರಲ್ಲಿ ಪೆನ್ಸಿಲ್ ಕಿತ್ತು, ಅಕ್ಕಿ ಚೀಲದ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು. ಖಾಸಗಿಯಾಗಿ ಕಟ್ಟಿದ್ದ ಹತ್ತನೇ ತರಗತಿ ಪರೀಕ್ಷೆಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಅವರಿಗೆ ಗಣಿತವೊಂದೇ ಬಾಕಿಯಿತ್ತು. ಆಗ ಅವರ ಮಗಳು ಎಂಟನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ.

“ಆಕಿ ಹತ್ತಕ್ಕ ಬರೋದ್ರಾಗ ನಾ ಪಾಸಾಗ್ಬೇಕ್ರಿ ಸರ. ಇಲ್ಲಂದ್ರ ಓದು ಅಂತ ಯಾವ ಬಾಯಿಲೆ ಹೇಳ್ಲಿ?” ಎನ್ನುತ್ತಿದ್ದರು.

ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಿದ್ದರು. ಕುರ್ಚಿ ತೋರಿಸಿದರೆ “ಬ್ಯಾಡ್ರಿ, ನಿಂತ್ರನ ತಲ್ಯಾಗ ಹೋಗ್ತೈತಿ” ಅನ್ನುವರು. ಒಂದು ದಿನ a² × a³ = a⁶ ಎಂದು ಬರೆದು ತಂದರು. ಮಕ್ಕಳೆಲ್ಲ ಮಾಡುವ ತಪ್ಪೇ.

“ಘಾತಾಂಕ ಕೂಡಿಸಬೇಕಕ್ಕಾ, ಗುಣಿಸಬಾರದು. ಉತ್ತರ a⁵” ಎಂದೆ.

“ಯಾಕ್ರಿ? ನಡುವ ಗುಣಿಸು ಅಂತ ಗುರ್ತು ಐತಲ್ರಿ.”

“ಅದು ನಿಯಮ.”

“ನಿಯಮ ಖರೇರಿ. ಯಾಕ ಅಂತ ಕೇಳ್ದೆ.”

ಹನ್ನೊಂದು ವರ್ಷ ಆ ನಿಯಮಕ್ಕೆ ಬೋರ್ಡಿನ ಮೇಲೆ ಚೌಕಟ್ಟು ಹಾಕಿ ಬಾಯಿಪಾಠ ಮಾಡಿಸಿದವನು ನಾನು. ತಬ್ಬಿಬ್ಬಾದೆ, ತುಸು ಸಿಟ್ಟೂ ಬಂತು. ಕೊನೆಗೆ ಅವರ ಪೆನ್ಸಿಲನ್ನೇ ಇಸಿದುಕೊಂಡು a × a, ಅದರ ಮುಂದೆ × a × a × a ಎಂದು ಉದ್ದಕ್ಕೆ ಬರೆದೆ. ಅಕ್ಕ ಅರಿಶಿನ ಹತ್ತಿದ ಬೆರಳಿಟ್ಟು ಒಂದೊಂದೇ ಎಣಿಸಿದರು. ಐದು.

“ಇಷ್ಟ ಏನ್ರಿ! ಮೊದಲನೇ ದಿನಾನ ಹಿಂಗ ಬಿಡಿಸಿ ತೋರ್ಸಿದ್ರ ಏನಾಗ್ತಿತ್ರಿ?”

ನಗುತ್ತಲೇ ಕೇಳಿದರು. ನನಗೆ ಮಾತ್ರ ನಾಚಿಕೆಯಾಯಿತು.

ಪರೀಕ್ಷೆಯ ದಿನ ಸಂಡೂರಿನ ಕೇಂದ್ರದಲ್ಲಿ ಬರೆದು ಬಂದವರು ಬಸ್ಸಿಳಿದು ನೇರ ಶಾಲೆಗೇ ಬಂದರು. “ಒಳಗ ಕುಂತಕೂಡ್ಲೆ ನಿಯಮ ಎಲ್ಲಾ ಮರ್ತೋತ್ರಿ ಸರ. ಬಿಡಿಸಿ ಬರ್ದು ಎಣಿಸ್ಕೊಂಡೆ.”

ಪಾಸಾದರು. ಫಲಿತಾಂಶ ಬಂದ ದಿನ ಸಾಂಬಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಯಾರೂ ದೂರಲಿಲ್ಲ.

ಮರುವರ್ಷ ಕಾಯಿಲೆ ಬಿದ್ದು ತೀರಿಕೊಂಡರು. ಅಡುಗೆ ಕೋಣೆಯ ಮುಂದೆ ಹಾಯುವಾಗ ಈಗಲೂ ಸಂಕಟವಾಗುತ್ತದೆ.

ಮಗಳೀಗ ಹತ್ತನೇ ತರಗತಿ. ಮೊನ್ನೆ ಕಿರುಪರೀಕ್ಷೆಯಲ್ಲಿ ಒಂದು ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ a ಗಳನ್ನು ಸಾಲಾಗಿ ಬರೆದು ಎಣಿಸಿದ್ದಳು. “ನಾನು ಹೇಳಿಕೊಟ್ಟದ್ದು ನೆನಪಿಟ್ಟಿದ್ದೀಯಲ್ಲ” ಎಂದು ಬೀಗಿದೆ.

“ನೀವಲ್ರಿ ಸರ. ನಮ್ಮವ್ವ ಹೇಳಿಕೊಟ್ಟಿದ್ದು.”

“ನನಗೂ ಅವರೇ ಹೇಳಿಕೊಟ್ಟಿದ್ದಮ್ಮಾ” ಎಂದೆ.