ಅರಿಶಿನ ಹಚ್ಚದ ಕಾಯಿ

ಆ ತೆಂಗಿನಕಾಯಿ ಚೆನ್ನಾಗಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಒಡೆದರೆ ಸಮನಾಗಿ ಎರಡು ಹೋಳಾಯಿತು, ನೀರು ಸಿಹಿಯಾಗಿತ್ತು. ಒಂದು ಹೋಳು ಅವತ್ತೇ ತುರಿದು ಹುರಿಗಡಲೆ ಹಾಕಿ ಚಟ್ನಿ ರುಬ್ಬಿದೆ. ಇನ್ನೊಂದು ಮಾರನೇ ದಿನ ಹುರುಳಿಕಾಯಿ ಪಲ್ಯಕ್ಕಾಯಿತು. ಮನೆಯವರೆಲ್ಲ ತಿಂದೆವು. ಯಾರಿಗೂ ಏನೂ ಆಗಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ವರ್ಷದ ಬೇಸಿಗೆ ಅದು. ನಾವು ತುಮಕೂರಿನ ಬಟವಾಡಿಯಲ್ಲಿ ಒಂದು ವಠಾರದಲ್ಲಿದ್ದೆವು. ಆರು ಮನೆ, ಒಂದು ನಲ್ಲಿ. ನಮ್ಮವರು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು, ನನ್ನ ಮಗ ಆಗಿನ್ನೂ ಕೈಗೂಸು. ಪಕ್ಕದ ಮನೆಯಾಕೆ ಗುಬ್ಬಿ ಕಡೆಯವಳು. ನನಗಿಂತ ಹತ್ತು ವರ್ಷ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ಲಾರಿ ಓಡಿಸುತ್ತಿದ್ದವನು, ಅಪಘಾತದಲ್ಲಿ ಕಾಲು ಹೋಗಿ ಮೂಲೆ ಹಿಡಿದಿದ್ದ. ಇಬ್ಬರು ಹೆಣ್ಣುಮಕ್ಕಳು. ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಜಗಲಿಯ ಮೇಲೆ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯುತ್ತಿದ್ದೆವು. ಇದ್ದಿಲ ಪುಡಿಯ ಹಿಟ್ಟು ಕೈಗೆ ಮೆತ್ತಿದರೆ ಸೀಗೆಪುಡಿ ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ, ಉಗುರಿನ ಸಂದಿಯಲ್ಲಿ ಕಪ್ಪು ನಿಂತೇ ಇರುತ್ತದೆ.

ಅಕ್ಕನ ದೊಡ್ಡ ಮಗಳಿಗೆ ಹದಿನಾಲ್ಕು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ನಮ್ಮ ಪಕ್ಕ ಕೂತು, ಒಣಗಿದ ಬತ್ತಿಗಳನ್ನು ಕಟ್ಟು ಕಟ್ಟಿ ದಾರವನ್ನು ಹಲ್ಲಿನಿಂದ ಕತ್ತರಿಸುತ್ತಿದ್ದಳು. ಬಾಯಿ ಬಲು ಜೋರು. "ಚಿಕ್ಕಮ್ಮ, ನಿಮ್ಮ ಬತ್ತಿ ನಿಮ್ಮ ಥರಾನೇ, ನಡು ದಪ್ಪ" ಅಂತ ನನ್ನನ್ನೇ ಹಾಸ್ಯ ಮಾಡುತ್ತಿದ್ದಳು. ಅಕ್ಕ ಕಪ್ಪು ಕೈಯಲ್ಲೇ ಅವಳ ತಲೆಗೊಂದು ಮೊಟಕುತ್ತಿದ್ದಳು.

ಆ ಬೇಸಿಗೆಯಲ್ಲಿ ಕುಣಿಗಲ್ ಕಡೆಯ ಒಬ್ಬ ಅವರ ಮನೆಗೆ ನಾಲ್ಕೈದು ಸಲ ಬಂದು ಹೋದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಶರ್ಟು, ಬಂದಾಗಲೆಲ್ಲ ಚಿಕ್ಕ ಮಗಳಿಗೆ ಬಿಸ್ಕತ್ತು ತರುತ್ತಿದ್ದ. ಆಮೇಲೆ ಒಂದು ದಿನ ಅಕ್ಕ ದೊಡ್ಡ ಮಗಳನ್ನು ಕರೆದುಕೊಂಡು ಕುಣಿಗಲ್ ಬಸ್ಸು ಹತ್ತಿದಳು. ಎರಡು ದಿನ ಬಿಟ್ಟು ಒಬ್ಬಳೇ ಬಂದಳು. ಬಂದ ಮಾರನೇ ಬೆಳಿಗ್ಗೆ ವಠಾರದ ಮನೆಮನೆಗೂ ತಾಂಬೂಲ ಹಂಚಿದಳು. ಮೊದಲು ನಮ್ಮ ಮನೆಗೇ ಬಂದಳು.

"ದೊಡ್ಡೋಳ ಮದ್ವೆ ಮಾಡ್ಬಿಟ್ವಿ ಕಣೇ. ಕುಣಿಗಲ್ ಹತ್ರ, ದೇವಸ್ಥಾನದಲ್ಲಿ. ಆ ಹುಡುಗ ಬರ್ತಿದ್ನಲ್ಲ, ಅವ್ನೇ. ಅವ್ನಿಗೆ ಪೂನಾದಲ್ಲಿ ಕೆಲ್ಸ, ರಜ ಇರ್ಲಿಲ್ಲ. ಯಾರ್ನೂ ಕರೆಯೋಕಾಗ್ಲಿಲ್ಲ, ತಪ್ಪು ತಿಳ್ಕೋಬೇಡ."

ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಕಾಯಿ, ಐದು ಎಲೆ, ಚಿಕ್ಕ ಅಡಿಕೆ ಪೊಟ್ಟಣ.

ಮದುವೆಮನೆಯ ತಾಂಬೂಲವನ್ನು ಹೆಂಗಸರಾದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯಿಗೆ ಅರಿಶಿನ ಹಚ್ಚಿರುತ್ತಾರೆ. ಹಚ್ಚದಿದ್ದರೂ ಹತ್ತು ಅರಿಶಿನದ ಕೈ ಮುಟ್ಟಿ ಜುಟ್ಟಾದರೂ ಹಳದಿಯಾಗಿರುತ್ತದೆ. ಕೊಡವಿದರೆ ಎಲ್ಲಿಂದಲೋ ನಾಲ್ಕು ಅಕ್ಷತೆ ಕಾಳು ಉದುರುತ್ತವೆ. ಈ ಕಾಯಿ ಅಂಗಡಿಯಲ್ಲಿ ಹೇಗಿತ್ತೋ ಹಾಗೇ ಇತ್ತು. ಹೆಣ್ಣು ಧಾರೆ ಎರೆದು ಬಂದ ತಾಯಿಯ ಕೈಯಲ್ಲಿ ಒಂದು ಹೊಸ ಬಳೆ ಇರಲಿಲ್ಲ. ಉಗುರಿನ ಸಂದಿಯಲ್ಲಿ ಊದುಬತ್ತಿಯ ಕಪ್ಪಿತ್ತು.

ಇಷ್ಟೂ ನನ್ನ ಕಣ್ಣಿಗೆ ಬಿತ್ತು. ನನ್ನದು ಅಂಥ ಕಣ್ಣು. ಯಾರ ಮನೆಯ ಹಾಲು ಎಷ್ಟು ಹೊತ್ತಿಗೆ ಉಕ್ಕಿತು ಅಂತಲೂ ಗೊತ್ತಿರುತ್ತದೆ. ಆದರೆ ಬಾಯಲ್ಲಿ ಬಂದದ್ದು ಬೇರೆ.

"ಒಳ್ಳೇದಾಯ್ತು ಬಿಡಕ್ಕ. ಒಂದು ಭಾರ ಇಳೀತು."

ಅಕ್ಕ ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಮುಂದಿನ ಮನೆಗೆ ಹೋದಳು.

ಮೊದಲ ಆಷಾಢಕ್ಕೆ ಮದುವೆಯಾದ ಮಗಳು ತವರಿಗೆ ಬರಬೇಕು. ಬರಲಿಲ್ಲ. "ದೂರ ಅಲ್ವಾ" ಅಂದಳು ಅಕ್ಕ. ಗೌರಿಹಬ್ಬ ಬಂತು, ಬಾಗಿನ ಕಳಿಸಿದ ಹಾಗೆ ಕಾಣಲಿಲ್ಲ. ನಾನು ಮಣೆಯ ಮೇಲೆ ಬತ್ತಿ ಹೊಸೆಯುತ್ತ ಕೇಳಬೇಕೆಂದುಕೊಳ್ಳುತ್ತಿದ್ದೆ. ನಮ್ಮವರ ಹತ್ತಿರ ಒಂದು ಸಲ ಮಾತು ತೆಗೆದೆ. "ನಮಗ್ಯಾಕೆ ಬೇಕೆ ಊರ ಉಸಾಬರಿ" ಅಂದರು. ಅದೇ ಸರಿ ಅನ್ನಿಸಿತು. ಒಂದು ವರ್ಷ ಕೇಳದೆ ಇದ್ದರೆ ಎರಡನೇ ವರ್ಷ ಕೇಳುವುದು ಕಷ್ಟ. ಮೂರನೇ ವರ್ಷ ಅಕ್ಕನ ಗಂಡ ತೀರಿಕೊಂಡ. ಅಪ್ಪನ ಮುಖ ನೋಡಲು ಮಗಳು ಬರಲಿಲ್ಲ. ಆಗಲೂ ನಾನು ಕೇಳಲಿಲ್ಲ.

ಐದು ವರ್ಷದ ಮೇಲೆ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದೆ. ಒಬ್ಬ ಹೆಂಗಸು ಕೈಚೀಲ ಹಿಡಿದು ವಠಾರದ ಬಾಗಿಲಲ್ಲಿ ನಿಂತಳು. ಯಾರು ಬೇಕಮ್ಮ ಅಂತ ಕೇಳಿದೆ. "ನಾನೇ, ಚಿಕ್ಕಮ್ಮ" ಅಂದಳು. ಆ ಧ್ವನಿ ಕೇಳಿಯೂ ನನಗೆ ಗುರುತು ಹತ್ತಲಿಲ್ಲ. ಹತ್ತೊಂಬತ್ತರ ಹುಡುಗಿ, ಮೂವತ್ತೈದರವಳ ಹಾಗಿದ್ದಳು. ಕತ್ತಿನಲ್ಲಿ ಕರಿಮಣಿ ಇರಲಿಲ್ಲ.

ಏನಾಯಿತೆಂದು ಅವಳು ಪೂರ್ತಿ ಯಾವತ್ತೂ ಹೇಳಲಿಲ್ಲ. ಮನೆಗೆಲಸಕ್ಕೆ ಅಂತ ಕರೆದುಕೊಂಡು ಹೋಗಿದ್ದನಂತೆ. ರೈಲಿನಲ್ಲಿ, ಲಾಡ್ಜಿನಲ್ಲಿ ಕೇಳಿದವರಿಗೆಲ್ಲ ಹೆಂಡತಿ ಎನ್ನುತ್ತಿದ್ದನಂತೆ. ಪೂನಾದಲ್ಲಿ ಒಂದು ಮನೆಗೆ ಒಪ್ಪಿಸಿದ. ಅದು ಮನೆಯಲ್ಲ ಅಂತ ಅವಳಿಗೆ ಬಾಗಿಲು ಹಾಕಿದ ಮೇಲೆ ಗೊತ್ತಾಯಿತಂತೆ. ಎದುರುಗಡೆ ಪಾತ್ರೆ ತಿಕ್ಕುತ್ತಿದ್ದ ಮುದುಕಿಯೊಬ್ಬಳು ಕೊನೆಗೆ ಹೊರಗೆ ತಂದು ರೈಲು ಹತ್ತಿಸಿದ್ದಳು. ಇದಿಷ್ಟೇ. ಮತ್ತೆ ನಮ್ಮ ಜೊತೆ ಜಗಲಿಯ ಮೇಲೆ ಕೂತು ಕಟ್ಟು ಕಟ್ಟತೊಡಗಿದಳು. ದಾರವನ್ನು ಈಗ ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು. ನನ್ನ ಬತ್ತಿಯನ್ನು ಹಾಸ್ಯ ಮಾಡುತ್ತಿರಲಿಲ್ಲ. ಬೀದಿಯಲ್ಲಿ ಗಂಡಸರ ಚಪ್ಪಲಿ ಸದ್ದಾದರೆ ಕತ್ತರಿ ನಿಲ್ಲುತ್ತಿತ್ತು.

ಎರಡು ತಿಂಗಳಾಗಿರಲಿಲ್ಲ, ಕೋರ್ಟಿನಿಂದ ಕಾಗದ ಬಂತು. ಕುಣಿಗಲ್‌ನವನು ಕೇಸು ಹಾಕಿದ್ದ. ತನ್ನ ಹೆಂಡತಿ ಕಾರಣವಿಲ್ಲದೆ ತವರು ಸೇರಿದ್ದಾಳೆ, ಸಂಸಾರಕ್ಕೆ ವಾಪಸು ಕಳಿಸಿಕೊಡಬೇಕು ಅಂತ.

ಅಕ್ಕ ಅದನ್ನು ಮಡಚಿ ಡಬ್ಬಿಯ ಕೆಳಗೆ ಇಡಲು ಹೋದಳು. ಹುಡುಗಿ ಮಾತ್ರ ಆ ಕಾಗದ ಹಿಡಿದು, ನಮ್ಮ ಬತ್ತಿ ಕೊಳ್ಳುತ್ತಿದ್ದ ಒಬ್ಬ ವಯಸ್ಸಾದ ವಕೀಲರ ಮನೆಗೆ ಹೊರಟಳು. ಜೊತೆಗೆ ಯಾರಾದರೂ ಬೇಕಲ್ಲ ಅಂತ ನಾನೂ ಹೋದೆ. ವಕೀಲರು ಎರಡು ಸಲ ಓದಿದರು.

"ಪೊಲೀಸಿಗೆ ಹೋಗಿದ್ರಾ?"

"ಹೋಗಿದ್ದೆ ಸಾರ್. ಗಂಡ ಹೆಂಡ್ತಿ ವಿಷ್ಯ, ನೀವೇ ಸರಿ ಮಾಡ್ಕೊಳಿ ಅಂದ್ರು."

"ಅದಕ್ಕೇ ಕಣಮ್ಮ ಅವ್ನು ಈ ಕೇಸು ಹಾಕಿರೋದು. ಹೆಂಡ್ತಿ ಅಂತ ಆಗೋದ್ರೆ ಅವ್ನು ಮಾಡಿದ್ದೆಲ್ಲ ಸಂಸಾರ ಆಗೋಗುತ್ತೆ. ಅಲ್ಲ ಅಂತಾದ್ರೆ ಅದಕ್ಕೆ ಮಾರಾಟ ಅಂತ ಹೆಸ್ರು." ಕನ್ನಡಕ ತೆಗೆದರು. "ನಾವೂ ದಾವಾ ಹಾಕೋಣ. ಮದ್ವೆ ನಡೆದೇ ಇಲ್ಲ ಅಂತ ಕೋರ್ಟು ಘೋಷಣೆ ಮಾಡ್ಬೇಕು, ಅವ್ನು ನಿನ್ನ ಹತ್ರ ಸುಳೀಬಾರ್ದು ಅಂತ ತಡೆಯಾಜ್ಞೆ ಕೊಡ್ಬೇಕು. ನಷ್ಟಪರಿಹಾರಾನೂ ಕೇಳ್ಬಹುದು."

"ಪರಿಹಾರ ಬೇಡ ಸಾರ್. ಅವ್ನು ನನ್ನ ಹೆಂಡ್ತಿ ಅನ್ಬಾರ್ದು. ಅಷ್ಟೇ."

"ಸರಿ. ಅವ್ನ ಕಡೆ ಸಾಕ್ಷಿ ಏನಿದೆ ಗೊತ್ತಾ? ಪುರೋಹಿತ ಇಲ್ಲ, ಫೋಟೋ ಇಲ್ಲ. ನಿಮ್ಮ ವಠಾರದೋರೇ ಸಾಕ್ಷಿ. ನಿಮ್ಮಮ್ಮ ಮದ್ವೆ ಆಯ್ತು ಅಂತ ತಾಂಬೂಲ ಹಂಚಿದ್ರು ಅಂತ ಇದ್ರಲ್ಲಿ ಬರೆದಿದ್ದಾನೆ."

ಹುಡುಗಿ ನನ್ನ ಕಡೆ ತಿರುಗಿದಳು. ಅವಳಿಗೆ ಅದು ಗೊತ್ತೇ ಇರಲಿಲ್ಲ. ನಾನು ಅವರ ಮನೆಯ ಗೋಡೆ ಗಡಿಯಾರ ನೋಡುತ್ತ ಕೂತೆ.

ಆ ಸುಳ್ಳನ್ನು ಹೇಳಿಕೊಟ್ಟವನು ಅವನೇ. ಇದನ್ನು ಅಕ್ಕ ಆಮೇಲೆ ಹೇಳಿದಳು. "ದೊಡ್ಡವಳಾದ ಹುಡುಗಿನ ಕೆಲ್ಸಕ್ಕೆ ಕಳಿಸಿದ್ವಿ ಅಂದ್ರೆ ಜನ ಆಡ್ಕೋತಾರೆ, ಮದ್ವೆ ಮಾಡ್ಕೊಟ್ವಿ ಅನ್ನಿ, ಊರ ಬಾಯಿ ಮುಚ್ಚುತ್ತೆ" ಅಂದಿದ್ದನಂತೆ. ಮೊದಲೆರಡು ತಿಂಗಳು ಅವನಿಂದ ಕಾಗದ ಬಂತು, ಆಮೇಲೆ ನಿಂತಿತು. ಹುಡುಕೋಣ ಅಂದರೆ ಯಾರ ಹತ್ತಿರ ಹೋಗಿ ಏನೆಂದು ಹೇಳುವುದು? ಮದುವೆಯಾಗಿ ಹೋದವಳನ್ನು ಯಾರು ಹುಡುಕುತ್ತಾರೆ?

ಅಮ್ಮ ಕಟಕಟೆ ಹತ್ತಿ ಮದುವೆ ನಡೆದಿಲ್ಲ ಅಂದರೆ ಸಾಕು ಅಂದರು ವಕೀಲರು. ಅಕ್ಕ ಒಪ್ಪಲಿಲ್ಲ. ಚಿಕ್ಕ ಮಗಳಿಗೆ ಗುಬ್ಬಿಯಲ್ಲಿ ಒಂದು ಸಂಬಂಧ ಕುದುರಿತ್ತು, ತೆಂಗಿನಕಾಯಿ ವ್ಯಾಪಾರದವರ ಮನೆ.

"ದೊಡ್ಡೋಳ್ನ ಮದ್ವೆ ಇಲ್ದೆ ಪರ ಗಂಡಸಿನ ಜೊತೆ ಕಳಿಸ್ದೆ ಅಂತ ಎಲ್ರ ಮುಂದೆ ಹೇಳ್ಲಾ? ಗುಬ್ಬಿಯೋರು ಉಳಿಸ್ಕೋತಾರಾ ಚಿಕ್ಕೋಳ್ನ?"

ದೊಡ್ಡವಳು ಕಟ್ಟು ಕಟ್ಟುತ್ತಲೇ ಅಂದಳು, "ಹೇಳ್ಬೇಡ ಬಿಡಮ್ಮ. ಒಬ್ಳನ್ನಾದ್ರೂ ಸರಿಯಾಗಿ ಕಳ್ಸು."

ಅವತ್ತು ಅವರ ಮನೆಯಲ್ಲಿ ಒಲೆ ಹತ್ತಲಿಲ್ಲ. ನಾನೇ ಮುದ್ದೆ ಸಾರು ಕೊಟ್ಟುಬಂದೆ.

ಕೇಸು ತಾರೀಕಿನಿಂದ ತಾರೀಕಿಗೆ ಹೋಗುತ್ತ ವರ್ಷ ಕಳೆಯಿತು. ಅವನ ಕಡೆಯ ಸಾಕ್ಷಿಗಳೆಂದು ವಠಾರದ ಮೂವರು ಹೆಂಗಸರಿಗೆ ಸಮನ್ಸ್ ಬಂತು, ಅದರಲ್ಲಿ ನಾನೂ ಒಬ್ಬಳು. ಮೊದಲಿಬ್ಬರು ಹೋಗಿ, ಹೌದು ಮದುವೆ ಆಯ್ತು ಅಂತ ಹೇಳಿ ತಾಂಬೂಲ ಕೊಟ್ಟರು ಅಂದು ಬಂದರು. ಸುಳ್ಳೇನೂ ಅಲ್ಲವಲ್ಲ. ನನ್ನ ಸರದಿಯ ದಿನ ಅಕ್ಕ ನನ್ನ ಜೊತೆ ಬಂದು, ಕೋರ್ಟಿನ ವರಾಂಡದ ಬೆಂಚಿನ ಮೇಲೆ ಕೂತಳು.

ಒಳಗೆ ಕುಣಿಗಲ್‌ನವನು ಅದೇ ಥರದ ಇಸ್ತ್ರಿ ಶರ್ಟಿನಲ್ಲಿ ಕೂತಿದ್ದ. ನನ್ನನ್ನು ನೋಡಿ ಕೈ ಮುಗಿದ. ನಾನೂ ಅಭ್ಯಾಸದಿಂದ ಮುಗಿದುಬಿಟ್ಟೆ. ಹುಡುಗಿ ಅದನ್ನು ನೋಡಿದಳು.

ಅವನ ವಕೀಲರು ಕೇಳಿದ್ದು ಎರಡೇ ಮಾತು. ತಾಂಬೂಲ ಕೊಟ್ಟರಾ? ಕೊಟ್ಟರು. ಮದುವೆ ಆಯ್ತು ಅಂತ ಹೇಳಿ ಕೊಟ್ಟರಾ? ಹೌದು. ಅವರು ಸಂತೋಷವಾಗಿ ಕೂತರು.

ನಮ್ಮ ವಕೀಲರು ಎದ್ದು ನಿಂತು, ಮನೆಯಲ್ಲಿ ಕಾಫಿ ಕುಡಿಯುತ್ತ ಕೇಳುವ ಹಾಗೆ ಕೇಳಿದರು. "ತಾಂಬೂಲದಲ್ಲಿ ಏನೇನಿತ್ತಮ್ಮ?"

ಇದನ್ನು ಅವರು ನನಗೆ ಮೊದಲು ಹೇಳಿಕೊಟ್ಟಿರಲಿಲ್ಲ. ಬಾಯಿ ತೆರೆದೆ, ಐದು ವರ್ಷಕ್ಕೂ ಮೇಲೆ ಒಳಗೆ ಕೂತಿದ್ದದ್ದೆಲ್ಲ ಸಾಲಾಗಿ ಬಂತು. ಪೇಪರಿನಲ್ಲಿ ಸುತ್ತಿದ ಕಾಯಿ. ಅದಕ್ಕೆ ಅರಿಶಿನ ಇರಲಿಲ್ಲ. ಅಕ್ಷತೆ ಒಂದು ಕಾಳೂ ಇರಲಿಲ್ಲ. ಕೊಟ್ಟವಳ ಕೈಗೆ ಹೊಸ ಬಳೆ ಇರಲಿಲ್ಲ, ಉಗುರಲ್ಲಿ ಕಪ್ಪಿತ್ತು. ಮೊದಲ ಆಷಾಢಕ್ಕೆ ಮಗಳು ಬರಲಿಲ್ಲ. ಗೌರಿಗೆ ಬಾಗಿನ ಹೋಗಲಿಲ್ಲ.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಇದೆಲ್ಲ ಈಗ ಯೋಚನೆ ಮಾಡಿ ಹೇಳ್ತಿದೀರೋ, ಅವತ್ತೇ ಅನ್ನಿಸಿತ್ತೋ?"

"ಅವತ್ತೇ ಅನ್ನಿಸಿತ್ತು ಸ್ವಾಮಿ."

"ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

ಅದನ್ನೂ ಬರೆದುಕೊಂಡರು. ಹುಡುಗಿಯ ಕಡೆ ನೋಡದೆ ಇಳಿದೆ.

ವರಾಂಡದಲ್ಲಿ ಅಕ್ಕ ಎದ್ದು ನಿಂತಿದ್ದಳು. "ಏನಂದೆ?"

"ಕಾಯಿಗೆ ಅರಿಶಿನ ಇರ್ಲಿಲ್ಲ ಅಂದೆ."

ಅಕ್ಕ ಮತ್ತೆ ಬೆಂಚಿನ ಮೇಲೆ ಕೂತಳು. ಸುಮಾರು ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು.

"ಹಂಗಾದ್ರೆ ನಿಂಗೆ ಗೊತ್ತಿತ್ತು."

"ಅನುಮಾನ ಇತ್ತಕ್ಕ."

"ಒಂದ್ಸಲ ಕೇಳ್ಬಾರ್ದಿತ್ತೇನೇ? ನಿನ್ನ ಬಾಗ್ಲಲ್ಲಿ ಅದಕ್ಕೇ ನಿಂತಿದ್ದೆ. ಯಾರಾದ್ರೂ ಒಬ್ರು ಕೇಳಿದ್ರೆ ಹೇಳ್ಬಿಡ್ತಿದ್ದೆ ಕಣೇ. ಎರಡೇ ದಿನ ಆಗಿತ್ತು. ಹುಡುಕಿದ್ರೆ ಸಿಕ್ತಿದ್ಳು."

ಬೈಯುವ ಧ್ವನಿಯಲ್ಲಿ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಉಪ್ಪು ಮುಗಿದಿದೆ ಅನ್ನುವ ಹಾಗೆ ಹೇಳಿದಳು.

ಮುಂದಿನ ತಾರೀಕಿಗೆ ಅಕ್ಕ ತಾನಾಗಿ ಕಟಕಟೆ ಹತ್ತಿದಳು. ಮದುವೆ ನಡೆದಿಲ್ಲ, ಕಾಯಿ ಎಲೆ ತಾನೇ ಅಂಗಡಿಯಿಂದ ತಂದು ಹಂಚಿದ್ದು ಅಂದಳು. ಗುಬ್ಬಿಯವರು ಮಾತು ಮುರಿದುಕೊಂಡರು. ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಪು ಬಂತು. ಅವನ ಅರ್ಜಿ ವಜಾ ಆಯಿತು. ಇವರಿಬ್ಬರ ಮಧ್ಯೆ ಮದುವೆ ನಡೆದೇ ಇಲ್ಲ, ಅವನು ಅವಳ ತಂಟೆಗೆ ಬರಕೂಡದು ಅಂತ ಆಯಿತು. ಪೂನಾದ ಐದು ವರ್ಷದ ಬಗ್ಗೆ ಆ ಕಾಗದದಲ್ಲಿ ಒಂದೇ ಸಾಲು ಇತ್ತಂತೆ. ಹುಡುಗಿ ಅದರ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿಟ್ಟಳು. ಆಮೇಲೆ ಕ್ಯಾತ್ಸಂದ್ರದ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದಳು. ಕಂಡರೆ ತಲೆಯಾಡಿಸುತ್ತಿದ್ದಳು. ಚಿಕ್ಕಮ್ಮ ಅನ್ನುವುದನ್ನು ಬಿಟ್ಟಿದ್ದಳು.

ಮೂರು ವರ್ಷ ತಡವಾಗಿ ಚಿಕ್ಕವಳಿಗೆ ಬೇರೆ ಕಡೆ ಮದುವೆಯಾಯಿತು. ನಾನೇ ಮುಂದೆ ನಿಂತು ಆರತಿ ತಟ್ಟೆಯಿಂದ ಹಿಡಿದು ಎಲ್ಲ ನೋಡಿಕೊಂಡೆ. ಆದರೂ ಮಾರನೇ ದಿನ ದೊಡ್ಡವಳು ತಾಂಬೂಲ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಚೀಲದ ಮೇಲೆ ವಧೂವರರ ಹೆಸರು ಅಚ್ಚಾಗಿತ್ತು. ಅದರ ಬಾಯಿ ಅಗಲಿಸಿ ನನ್ನ ಮುಂದೆ ಹಿಡಿದಳು. ಕಾಯಿಗೆ ದಪ್ಪಗೆ ಅರಿಶಿನ ಮೆತ್ತಿತ್ತು, ಜುಟ್ಟಿನಲ್ಲಿ ಅಕ್ಷತೆ ಸಿಕ್ಕಿಕೊಂಡಿತ್ತು.

"ನೋಡ್ಕೊಳಿ ಚಿಕ್ಕಮ್ಮ" ಅಂದಳು.

ನಾನು ಚೀಲ ಇಸಕೊಂಡು ನೋಡಿದೆ. ಅವಳು ಹೋಗದೆ ಬಾಗಿಲಲ್ಲೇ ನಿಂತಿದ್ದಳು, ಅವಳಮ್ಮ ಅವತ್ತು ನಿಂತ ಜಾಗದಲ್ಲಿ. ಈ ಸಲವಾದರೂ ಕೇಳಬೇಕಿತ್ತು. ಹೇಗಿದ್ದೀಯಮ್ಮ, ಅಲ್ಲಿ ಏನಾಯಿತು, ಕೂತ್ಕೋ ಬಾ. ಇಷ್ಟು ವರ್ಷದಲ್ಲಿ ಅವಳನ್ನು ನಾನು ಏನೂ ಕೇಳಿರಲಿಲ್ಲ. "ಚೆನ್ನಾಗಾಯ್ತು ಮದುವೆ" ಅಂದೆ. ಅವಳು ಹೂಂ ಅಂದು ಮುಂದಿನ ಮನೆಗೆ ಹೋದಳು.

ಆ ಕಾಯಿಯನ್ನು ಒಡೆಯಲು ಕೈ ಬರಲಿಲ್ಲ. ಅಟ್ಟದ ಮೇಲಿಟ್ಟೆ. ಈಗ ಒಳಗೇ ಒಣಗಿ ಕೊಬ್ಬರಿಯಾಗಿದೆ. ಅಟ್ಟದಿಂದ ಏನಾದರೂ ತೆಗೆಯುವಾಗ ಕೈ ತಾಕಿದರೆ ಗಡಗಡ ಅಂತ ಉರುಳುತ್ತದೆ. ಆಗ ಏಣಿಯ ಮೇಲೇ ಸ್ವಲ್ಪ ಹೊತ್ತು ನಿಂತುಬಿಡುತ್ತೇನೆ, ಬಾಗಿಲ ಕಡೆ ನೋಡುತ್ತ.