ಅವ್ವನ ಬಾಗಿಲಿಗೊಂದು ಫೋಟೋ

“ಸ್ವಲ್ಪ ನಗ್ರಿ” ಎನ್ನುವ ಫೋಟೋದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿ, ಗದ್ದ ಹಿಡಿದು ಅತ್ತಿತ್ತ ತಿರುಗಿಸಿ, ಸೆರಗು ಸರಿಮಾಡಿಸಿ, ಆಮೇಲೆ ನಗು ಎಂದರೆ ನಗು ಎಲ್ಲಿಂದ ಬರಬೇಕು? ನನ್ನ ಮದುವೆಯ ಆಲ್ಬಮ್ಮಿನಲ್ಲಿ ನಾನು ಒಂದರಲ್ಲೂ ನಕ್ಕಿಲ್ಲ. ನೋಡಿದವರು ಒಲ್ಲದ ಮದುವೆಯಿರಬೇಕು ಎಂದುಕೊಳ್ಳುತ್ತಾರೆ. ಒಲ್ಲದ್ದು ಮದುವೆಯಲ್ಲ, ಆ ಫೋಟೋದವನು. ನನಗೆ ಶಾಂತಾ ಎಂದು ಹೆಸರಿಟ್ಟವರು ಇನ್ನೊಂದಿಷ್ಟು ದಿನ ಕಾದು ನೋಡಬಹುದಿತ್ತು.

ಇಂಥ ನಾನು ದಿನಾ ಒಂದು ಫೋಟೋ ತೆಗೆದು ಐರ್ಲೆಂಡಿಗೆ ಕಳಿಸುತ್ತೇನೆಂದರೆ ಶಹಾಪುರದಲ್ಲಿ ಯಾರೂ ನಂಬುವುದಿಲ್ಲ. ಅಲ್ಲಿ ನನ್ನ ಗೆಳತಿ ಸುಜಾತಾ ಇದ್ದಾಳೆ. ಸುರಪುರದ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ಟ್ರಂಕು ಇಟ್ಟುಕೊಂಡು ಓದಿದವರು. ನಾನು ವಡಗೇರಾದ ಶಾಲೆಯಲ್ಲಿ ಇತಿಹಾಸ ಹೇಳುವ ಟೀಚರಾದೆ. ಅವಳು ನರ್ಸಾಗಿ, ಎಲ್ಲೆಲ್ಲೋ ತಿರುಗಿ, ಕೊನೆಗೆ ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಮುದುಕರ ಆರೈಕೆಗೆ ನಿಂತಳು. ಮಾತಾಡೋಣವೆಂದರೆ ನನಗೆ ಬಿಡುವಿದ್ದಾಗ ಅವಳಿಗೆ ಡ್ಯೂಟಿ, ಅವಳಿಗೆ ಬಿಡುವಾದಾಗ ನನಗೆ ನಿದ್ದೆ. ಅದಕ್ಕೇ ಫೋಟೋ ಶುರುವಾಯಿತು.

ಒಂದೇ ಕರಾರು: ತಯಾರಿ ಮಾಡಬಾರದು. ಹಬ್ಬ, ಹೊಸ ಸೀರೆ, ಸೂರ್ಯಾಸ್ತ ಎಲ್ಲ ಬಂದ್. ಕಣ್ಣೆದುರು ಬಿದ್ದದ್ದನ್ನು ಬಿದ್ದ ಹಾಗೆಯೇ ಹೊಡೆದು ಕಳಿಸಬೇಕು. ನಾನು ನಳದ ಮುಂದಿನ ಕೊಡಗಳ ಸಾಲು ಕಳಿಸುತ್ತೇನೆ, ವಡಗೇರಾ ಬಸ್ಸಿನಲ್ಲಿ ಸೀಟು ಹಿಡಿದು ಕೂತ ಆಡಿನಮರಿಯನ್ನು ಕಳಿಸುತ್ತೇನೆ. ಅವಳು ಒದ್ದೆ ಬೂಟು ಕಳಿಸುತ್ತಾಳೆ, ಬ್ರೆಡ್ಡಿನ ಮೇಲೆ ಹಚ್ಚಿದ ಶೇಂಗಾ ಹಿಂಡಿಯನ್ನು ಕಳಿಸುತ್ತಾಳೆ. ಆ ಊರಿನ ಮಳೆ ಒಂದು ದಿನವೂ ರಜೆ ಹಾಕುವುದಿಲ್ಲವೆಂದು ನನಗೆ ಗೊತ್ತಾದದ್ದು ಅವಳ ಬೂಟಿನಿಂದ.

ಸುರಪುರದಲ್ಲಿ ಹಿಂದೆ ಚಿತ್ರಗಾರರಿದ್ದರು. ಬಂಗಾರದ ರೇಕು ಅಂಟಿಸಿ ಅರಸರನ್ನೂ ದೇವರನ್ನೂ ಬರೆಯುತ್ತಿದ್ದರು. ಪಾಠ ಮಾಡುವಾಗ ನಾನು ಮಕ್ಕಳಿಗೆ ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. ಹೇಳುತ್ತಲೇ ಒಳಗೊಳಗೆ ಸಿಟ್ಟಾಗುತ್ತೇನೆ. ಅಷ್ಟು ಬಂಗಾರ ಸುರಿದರಲ್ಲ, ಒಬ್ಬ ಅರಸನಾದರೂ ಆಕಳಿಸಿದ್ದನ್ನು ಬರೆದರೇ? ಅವನಿಗೆ ರೊಟ್ಟಿ ಬಡಿದವಳ ಮುಖ ಎಲ್ಲಿದೆ? ನಾನೂ ಸುಜಾತಾನೂ ಆ ಬಾಕಿ ಕೆಲಸವನ್ನೇ ಮಾಡುತ್ತಿದ್ದೇವೆ ಎಂದು ನಾನು ಒಮ್ಮೆ ಬರೆದಾಗ ಅವಳು, “ಭಾಳ ಶಾಣೇಕಿ ಆಗಬ್ಯಾಡ, ಮೊದಲ ಇವತ್ತಿನ ಫೋಟೋ ಕಳಿಸು” ಎಂದಳು.

ನನ್ನ ಕಡೆಯ ಫೋಟೋಗಳಿಗೆ ರಾಣಿ ನನ್ನ ಅವ್ವ. ಅವ್ವ ನಮ್ಮ ಜೊತೆಗೇ ಇದ್ದಾಳೆ. ಹಾಸ್ಟೆಲ್ಲಿನ ರಜೆಗಳಲ್ಲಿ ಸುಜಾತಾ ನಮ್ಮ ಮನೆಗೇ ಬಂದುಬಿಡುತ್ತಿದ್ದಳು, ತಾಯಿಯಿಲ್ಲದ ಹುಡುಗಿ. ಹಾಗಾಗಿ ಅವ್ವನ ಬೈಗುಳದಲ್ಲಿ ಅವಳಿಗೂ ನನ್ನಷ್ಟೇ ಪಾಲುಂಟು. ಒಂದು ಫೋಟೋ ಅವಳಿಗೆ ಜೀವ. ಒಲೆ ಮುಂದೆ ಕೂತ ಅವ್ವ ಕೈಯಲ್ಲಿ ರೊಟ್ಟಿ ಎತ್ತಿ ಹಿಡಿದು, ಬಾಯಿ ಅಗಲಿಸಿ, ನೇರ ಕ್ಯಾಮರಾಕ್ಕೇ ಬೈಯುತ್ತಿದ್ದಾಳೆ: “ಉಣ್ಣಾಕ ಬಾ ಅಂದ್ರ ಫೋಟೋ ಹೊಡ್ಯಾಕ ನಿಂತಾಳ, ಖೋಡಿ!” ಫೋಟೋದಲ್ಲಿ ದನಿ ಬರುವುದಿಲ್ಲವೆಂದು ಯಾರು ಹೇಳಿದರೋ ಅವರು ಇದನ್ನು ನೋಡಿಲ್ಲ.

ಈಗ ನನ್ನ ಸಿಟ್ಟಿನ ಕಾರಣಕ್ಕೆ ಬರುತ್ತೇನೆ. ನಮ್ಮ ಕಡೆ ಒಬ್ಬರದ್ದೇ ಮುಖವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರೆ ಅದಕ್ಕೆ ಒಂದೇ ಅರ್ಥ. ಬದುಕಿರುವವರು ಗುಂಪಿನಲ್ಲಿರುತ್ತಾರೆ. ಒಂಟಿಯಾಗಿ, ಗಾಜಿನ ಹಿಂದೆ, ಗೋಡೆಯ ಮೇಲೆ ಇರುವವರು ಹೋದವರು. ಸ್ಟುಡಿಯೋದವರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಈ ಕಡೆಯೇ ಹುಟ್ಟಿ ಬೆಳೆದ ಸುಜಾತಾಗೂ ಇದು ಗೊತ್ತು, ಗೊತ್ತಿರಬೇಕಿತ್ತು. ಆದರೂ ನನಗೊಂದು ಮಾತು ಹೇಳದೆ ಆ ರೊಟ್ಟಿಯ ಫೋಟೋವನ್ನು ಯಾದಗಿರಿಯ ಒಂದು ಸ್ಟುಡಿಯೋಕ್ಕೆ ಕಳಿಸಿ, “ಮುದುಕಿ ಒಬ್ಬಾಕಿದೇ, ದೊಡ್ಡದು ಮಾಡ್ರಿ, ಕಟ್ಟು ಹಾಕಿ ಶಹಾಪುರಕ್ಕ ಮುಟ್ಟಸ್ರಿ” ಎಂದಳು. ಮುಂದಿನದನ್ನು ಆ ಪುಣ್ಯಾತ್ಮ ತಾನೇ ಊಹಿಸಿಕೊಂಡ.

ಅವನು ಮೊದಲು ಅವ್ವನ ಕೈಯಿಂದ ರೊಟ್ಟಿ ಕಿತ್ತುಕೊಂಡ. ಆಮೇಲೆ ಬಾಯಿ ಮುಚ್ಚಿಸಿ, ತುಟಿ ಅಗಲ ಮಾಡಿ, ನಗಿಸಿದ! ಒಲೆ ಇದ್ದ ಜಾಗದಲ್ಲಿ ಕೈಲಾಸ ಪರ್ವತ ಬಂತು, ಹಣೆಗೆ ವಿಭೂತಿ ಬಂತು. ನಾವು ಬುದ್ಧನ ಒಕ್ಕಲು. ಅವನನ್ನು ಯಾರು ಕೇಳಬೇಕು? ತಲೆಯ ಹಿಂದೆ ಬೆಳಕಿನ ಚಕ್ರ ತಿರುಗಿಸಿ, ಗಂಧದ ಹಾರ ಹಾಕಿ, ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟುಬಿಟ್ಟ. ಅದು ಬಂದಿಳಿದದ್ದು ನಮ್ಮ ಓಣಿಯ ಮೂಲೆಯ ಕಿರಾಣಿ ಅಂಗಡಿಗೆ. ಕಾಗದ ಹರಿದಿತ್ತು. ಅಂಗಡಿಯ ಬಸಣ್ಣ ಇಣುಕಿ ನೋಡಿ, ಎದೆ ಮುಟ್ಟಿಕೊಂಡು, ಅರ್ಧ ಶಟರ್ ಎಳೆದು, ನಾಲ್ಕು ಮಂದಿಯನ್ನು ಕರೆದುಕೊಂಡು, ಫೋಟೋವನ್ನೂ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಬಾಗಿಲು ತೆಗೆದವಳು ಅವ್ವ.

ನಾನು ಶಾಲೆಯಿಂದ ಬರುವಷ್ಟರಲ್ಲಿ ಪಡಸಾಲೆ ತುಂಬ ಮಂದಿ. ಅಳಲು ಬಂದವರು ಬಿದ್ದು ಬಿದ್ದು ನಗುತ್ತಿದ್ದರು. ಅವ್ವ ನಡುವೆ ಕೂತು ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಜು ಒರೆಸುತ್ತಿದ್ದಳು.

“ಯಾರವ್ವ ಈಕಿ? ಛಂದ ನಗಾಕತ್ಯಾಳ. ಯಾವಾಗ ಹೋದಳು, ಪಾಪ?”

ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ಅವ್ವ ಮಾತ್ರ ನಗಲಿಲ್ಲ. ಅವಳು ನಿಜವಾಗಿಯೇ ಕೇಳುತ್ತಿದ್ದಳು.

ಸುಜಾತಾಗೆ ಫೋನು ಹಚ್ಚಿ ಬಾಯಿಗೆ ಬಂದದ್ದೆಲ್ಲ ಅಂದೆ. ಬದುಕಿದ್ದವಳಿಗೆ ಹಾರ ಹಾಕಿಸಿದೆಯಲ್ಲ, ಊರು ಬಿಟ್ಟೆಯೆಂದು ಊರಿನ ರೀತಿಯನ್ನೂ ಬಿಟ್ಟೆಯಾ? ತಯಾರಿ ಬೇಡವೆಂದು ಕರಾರು ಮಾಡಿದವಳೇ ನಮ್ಮ ಅವ್ವನನ್ನು ತಯಾರು ಮಾಡಿಸಿದೆಯಲ್ಲ! ಅವಳು ಕೈಲಾಸದ ಸುದ್ದಿ ಕೇಳಿ ಬೆಚ್ಚಿದಳು, ಸ್ಟುಡಿಯೋದವನಿಗೆ ನನಗಿಂತ ಜೋರಾಗಿ ಬೈದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು:

“ಗ್ವಾಡಿಗಲ್ಲವ್ವ, ಅವ್ವನ ಖೋಲಿ ಬಾಗಲಕ್ಕ ಹಾಕ್ಲಿ ಅಂತ ಕಳಿಸಿದ್ನಿ. ಇಲ್ಲಿ ನಮ್ಮ ಮುದುಕರ ಬಾಗಲಕ್ಕೆಲ್ಲ ಅವರವರ ಫೋಟೋ ಇರ್ತಾವ. ತಮ್ಮ ಖೋಲಿ ಯಾವುದು ಅಂತ ಅವರಿಗೆ ಗುರ್ತು ಸಿಗಲಿ ಅಂತ.”

“ನಮ್ಮವ್ವಗ ತನ್ನ ಖೋಲಿ ಗೊತ್ತದ” ಎಂದೆ.

“ಇಲ್ಲ ಶಾಂತಾ. ಗೊತ್ತಿಲ್ಲ. ನೀನ ಕಳಿಸೀದಿ ನೋಡು.”

ಅವಳು ನನ್ನ ಫೋಟೋಗಳನ್ನೇ ನನಗೆ ಹೇಳತೊಡಗಿದಳು. ಅವ್ವ ಕುಪ್ಪಸ ಉಲ್ಟಾ ತೊಟ್ಟದ್ದು. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ನನ್ನದು. ಚಹಾದ ಸೋಸಣಿಗೆ ದೇವರ ಗೂಡಿನಲ್ಲಿ, ಬುದ್ಧನ ಪಕ್ಕ. ನೆರೆಮನೆಯ ಬಾಗಿಲ ಚಿಲಕ ಹಿಡಿದು ತನ್ನದೇ ಮನೆಯೆನ್ನುವ ಹಾಗೆ ನಿಂತದ್ದು. ಅವನ್ನೆಲ್ಲ ನಾನು ನಗುವ ಗೊಂಬೆಗಳನ್ನು ಅಂಟಿಸಿ ತಮಾಷೆಗೆ ಕಳಿಸಿದ್ದೆ. ಅಲ್ಲಿ ಅವಳು ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತ ಕೂತಿದ್ದಳು. “ಡಾಕ್ಟರಿಗೆ ತೋರಸು” ಎಂದಳು.

“ನಿನಗ ಅಷ್ಟು ಕಣ್ಣಾಗ ಎಣ್ಣಿ ಬಿಟ್ಕೊಂಡು ನೋಡು ಅಂತ ಯಾರ ಹೇಳಿದ್ರು?” ಎಂದು ಚೀರಿ ಫೋನು ಕುಕ್ಕಿದೆ.

ಅವತ್ತಿನಿಂದ ಫೋಟೋ ಬಂದ್. ಅವಳ ಒದ್ದೆ ಬೂಟು ಬರುತ್ತಲೇ ಇತ್ತು, ನಾನು ಉತ್ತರಿಸಲಿಲ್ಲ. ಸಿಟ್ಟು ಯಾರ ಮೇಲೆಂದು ಕೇಳಿದರೆ ದೊಡ್ಡ ಪಟ್ಟಿ ಕೊಡಬಲ್ಲೆ. ಸ್ಟುಡಿಯೋದವನ ಮೇಲೆ, ಕೈಲಾಸದ ಮೇಲೆ, ನಗುತ್ತಿದ್ದ ಬಸಣ್ಣನ ಮೇಲೆ. ಅಷ್ಟು ದೂರದಲ್ಲಿ ಕೂತು, ನನ್ನ ಮನೆಯಲ್ಲಿ ನನಗೆ ಕಾಣದ್ದನ್ನು ಕಂಡವಳ ಮೇಲೆ. ನಾನು ದಿನಾ ಉಂಡದ್ದು ಅದೇ ಅವ್ವನ ಕೈಯಲ್ಲಿ. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿದ್ದರೆ ವಯಸ್ಸಾಯಿತು ಎಂದು ನೀರು ಬೆರೆಸಿಕೊಂಡು ಉಂಡೆ. ಗಂಡ ಬಾಯಿ ತೆಗೆದರೆ, “ನಿಮ್ಮವ್ವಗೂ ವಯಸ್ಸಾಗಿತ್ತು” ಎಂದು ಮುಚ್ಚಿಸಿದೆ. ನಿಜ ಹೇಳಬೇಕೆಂದರೆ ಅದು ಸಿಟ್ಟೂ ಆಗಿರಲಿಲ್ಲ. ಹೆದರಿಕೆ. ನನಗೆ ಹೆದರಲು ಬರುವುದಿಲ್ಲ, ಅಭ್ಯಾಸವಿಲ್ಲ, ಬೈಯಲು ಬರುತ್ತದೆ.

ಕಡೆಗೂ ಅವ್ವನನ್ನು ಕಲಬುರಗಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದೆ. ಏನೇನೋ ಕೇಳಿದರು, ಚಿತ್ರ ತೋರಿಸಿ ಹೆಸರು ಹೇಳಿಸಿದರು, ಕೊನೆಗೆ ಸುಜಾತಾ ಕಂಡದ್ದನ್ನೇ ಹೇಳಿದರು. ಮರೆವಿನ ಕಾಯಿಲೆ, ಇನ್ನೂ ಮೊದಲ ಹಂತ. ಗುಳಿಗೆ ಬರೆದರು, ಜತೆಗೆ ಮನೆಯಲ್ಲಿ ಗುರುತುಗಳನ್ನು ಇಡಿ ಎಂದರು. ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯಾಚೆಗಿನ ಹತ್ತಿ ಹೊಲ ನೋಡುತ್ತ, “ಡಾಕ್ಟರ ಛಲೋ ಅದಾನ, ಆದ್ರ ಭಾಳ ಕೇಳ್ತಾನ” ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. “ಬಿಡು, ಸೆಕಿ ಆಗ್ತದ” ಎಂದು ಕೊಸರಿಕೊಂಡಳು.

ಮರುದಿನ ನಾನೇ ಶಹಾಪುರದ ಒಂದು ಸ್ಟುಡಿಯೋಕ್ಕೆ ಹೋಗಿ ರೊಟ್ಟಿಯ ಫೋಟೋವನ್ನು ಇದ್ದದ್ದು ಇದ್ದ ಹಾಗೆ ದೊಡ್ಡದು ಮಾಡಿಸಿದೆ. ಅಲ್ಲಿಯವನು, “ಮುಖ ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ ಮೇಡಂ?” ಎಂದ. ನಾನು ನೋಡಿದ ನೋಟಕ್ಕೆ ಅವನು ಮತ್ತೆ ತಲೆ ಎತ್ತಲಿಲ್ಲ. ಕಟ್ಟು ಬೇಡ, ಗಾಜು ಬೇಡ. ತಂದು, ಮಾರನೆಯ ಬೆಳಿಗ್ಗೆ ಅವ್ವ ಬಚ್ಚಲಿಗೆ ಹೋದಾಗ ಅವಳ ಖೋಲಿಯ ಬಾಗಿಲಿಗೆ ಅಂಟಿಸಿ, ನಾನು ಅಡುಗೆಮನೆಯಲ್ಲಿ ನಿಂತು ಕಾದೆ. ಬಚ್ಚಲಿನಿಂದ ಬಂದ ಅವ್ವ ಪಡಸಾಲೆಯ ನಡುವೆ ನಿಂತಳು. ಇತ್ತೀಚೆಗೆ ಅಲ್ಲಿ ಅವಳಿಗೆ ದಿಕ್ಕು ತಪ್ಪುತ್ತಿತ್ತು. ಈ ಬಾಗಿಲು ನೋಡಿದಳು, ಆ ಬಾಗಿಲು ನೋಡಿದಳು. ಫೋಟೋದ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿದಳು.

“ಮುಂಜಮುಂಜಾನಿ ಯಾರಿಗ ಬೈಯಾಕತ್ತೀನಿ ನಾ?” ಎಂದಳು. ಬಾಗಿಲು ದೂಡಿ ಒಳಗೆ ಹೋದಳು.

ನಾನು ಓಡಿಹೋಗಿ, ತನ್ನ ಮಂಚದ ಮೇಲೆ ತಾನು ಕೂತಿದ್ದ ಅವ್ವನ ಫೋಟೋ ಹೊಡೆದೆ. ಸುಜಾತಾಗೆ ಕಳಿಸಿದೆ. ತಪ್ಪಾಯಿತು ಎಂದು ಬರೆಯಲು ಬೆರಳು ಏಳಲಿಲ್ಲ. “ನೋಡು. ಏನ್ ಕಾಣ್ತದ, ಖರೇ ಹೇಳು” ಎಂದಷ್ಟೇ ಬರೆದೆ. ಆ ಕಣ್ಣು ಮತ್ತೇನನ್ನು ಹುಡುಕಿ ತೆಗೆಯುತ್ತದೋ!

ಅಲ್ಲಿ ಇನ್ನೂ ಬೆಳಗಾಗಿರಲಿಕ್ಕಿಲ್ಲ. ಆದರೂ ಉತ್ತರ ತಕ್ಷಣ ಬಂತು.

“ಅವ್ವ ಆರಾಮ ಅದಾಳ. ಆಕಿ ಹಿಂದ ಅಲ್ಮಾರಿ ಕನ್ನಡಿಯಾಗ ನೀ ಕಾಣಾಕತ್ತೀದಿ. ತಲಿ ಬಾಚ್ಕೊಂಡಿಲ್ಲ, ಕಣ್ಣ ಒಳಗ ಹೋಗ್ಯಾವ. ಅತ್ತೀದಿ ಅನಸ್ತದ. ನೀ ಉಂಡಿಯಿಲ್ಲ?”

ನನಗೆ ಮತ್ತೆ ಕೆಂಡದಂಥ ಸಿಟ್ಟು ಬಂತು. ಬಂದ ಸಿಟ್ಟಿನಲ್ಲೇ ಎದ್ದು, ತಾಟು ತೆಗೆದುಕೊಂಡು, ಎರಡು ರೊಟ್ಟಿ ತಿಂದೆ.